ತೇರುಬೀದಿಯಲ್ಲಿ ಪುಸ್ತಕದ ಚಪ್ಪರ: ಅನುಭವದ ಪಾಠಗಳು

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ ಬಿಟ್ಟರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಊರಹಬ್ಬ, ತೇರು, ಕೊಂಡ ನಡೆಯುವುದೂ ಹೆಚ್ಚಾಗಿ ಈ ಬೇಸಿಗೆಯಲ್ಲೇ. ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ, ಚೈತ್ರ ಪೌರ್ಣಮಿಯ ಬೆಂಗಳೂರು ಕರಗ ನಾಡಿಗೆಲ್ಲ ಗೊತ್ತು. ಹೋಬಳಿಯಾಚೆ ಹೆಸರು ಕೇಳಿಸದ ಹಬ್ಬಗಳು ಅವಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೊಟ್ಟ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಾರೆ, ದುಡಿಯಲು ಪೇಟೆ ಸೇರಿದವರು ಬಸ್ಸು ಹತ್ತಿ ಬರುತ್ತಾರೆ, ಊರಿನ ಅಷ್ಟೂ ಮಕ್ಕಳು ಒಂದೇ ಬೀದಿಯಲ್ಲಿ ಸಿಗುತ್ತಾರೆ. ಆ ಬೀದಿಯಿಂದ ಕೂಗಳತೆಯಲ್ಲಿರುವ ಪಂಚಾಯಿತಿ ಗ್ರಂಥಾಲಯ ಮಾತ್ರ ಹಬ್ಬದ ದಿನ ಬಾಗಿಲು ಹಾಕಿಕೊಂಡಿರುತ್ತದೆ.

ಗ್ರಂಥಾಲಯವನ್ನು ಆ ಬೀದಿಗೆ ತರುವ ಕೆಲಸದಲ್ಲಿ ನಾನೂ ನನ್ನ ಗೆಳೆಯರೂ ತೊಡಗಿಕೊಂಡಿದ್ದೇವೆ. ಪುಸ್ತಕ ಜನರಿದ್ದಲ್ಲಿಗೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದವರು. ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನಗಾಡಿಯ ಗ್ರಂಥಾಲಯ ಹಳ್ಳಿಗಳಿಗೆ ಹೊರಟಿತ್ತು. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಅವರ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಅವರ ಮೊದಲ ಸೂತ್ರ. ಕರ್ನಾಟಕದ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅನುಕೂಲ ಇದೆ, ಮಕ್ಕಳಿದ್ದಾರೆ. ಗ್ರಂಥಾಲಯವನ್ನೂ ಮಕ್ಕಳನ್ನೂ ಮುಖಾಮುಖಿ ಮಾಡಿಸುವುದಕ್ಕೆ ಊರಹಬ್ಬಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಈ ಕೆಲಸದಲ್ಲಿ ಕಲಿತದ್ದನ್ನು, ಹೊಸದಾಗಿ ಶುರುಮಾಡುವವರಿಗೆ ನೆರವಾಗಲೆಂದು, ಇಲ್ಲಿ ಬರೆದಿಟ್ಟಿದ್ದೇನೆ.

1. ಬಳೆ ಅಂಗಡಿಯ ಪಕ್ಕ ಜಾಗ ಹಿಡಿಯಿರಿ

ಹಬ್ಬದ ಸಮಿತಿಯವರು ಗೌರವದಿಂದ ದೇವಸ್ಥಾನದ ಎದುರು ಅಥವಾ ವೇದಿಕೆಯ ಪಕ್ಕ ಜಾಗ ತೋರಿಸುತ್ತಾರೆ. ಎರಡೂ ಬೇಡ. ದೇವಸ್ಥಾನದ ಎದುರು ನಿಂತವರ ಕಣ್ಣು ದೇವರ ಮೇಲಿರುತ್ತದೆ, ಹಿಂದಿನವರ ನೂಕಾಟ ಬೇರೆ. ವೇದಿಕೆಯ ಪಕ್ಕ ಧ್ವನಿವರ್ಧಕದ ಅಬ್ಬರಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಬೀದಿಯನ್ನು ಒಂದು ಸಲ ನಿಧಾನವಾಗಿ ನಡೆದು ನೋಡಿದರೆ ಮಕ್ಕಳು ಸುಮ್ಮನೆ ಕಾಯುವ ಜಾಗ ಕಾಣುತ್ತದೆ. ಅದು ಬಳೆ ಅಂಗಡಿಯ ಮುಂದೆ. ತಾಯಂದಿರು ಬಣ್ಣ ಆರಿಸಿ, ಅಳತೆ ನೋಡಿ, ಚೌಕಾಸಿ ಮಾಡಿ ಬಳೆ ತೊಡಿಸಿಕೊಂಡು ಏಳುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತೂ ಮಕ್ಕಳು ಸೆರಗು ಎಳೆಯುತ್ತಾ ನಿಂತಿರುತ್ತವೆ. ನಾಲ್ಕು ಹೆಜ್ಜೆಯಲ್ಲಿ ಚಾಪೆ ಹಾಸಿ ಚಿತ್ರದ ಪುಸ್ತಕ ಹರಡಿದರೆ ಯಾರನ್ನೂ ಕರೆಯಬೇಕಾಗಿಲ್ಲ. ತಾಯಿಗೂ ಮಗು ಕಣ್ಣಳತೆಯಲ್ಲೇ ಇದೆ ಎಂಬ ಧೈರ್ಯ.

ಎರಡನೆಯ ಒಳ್ಳೆಯ ಜಾಗ ಅರವಟ್ಟಿಗೆಯ ಹತ್ತಿರ. ಪಾನಕ, ನೀರುಮಜ್ಜಿಗೆ ಕುಡಿದವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ, ನೆರಳೂ ಇರುತ್ತದೆ. ಎಲ್ಲಿಯಾದರೂ ಸರಿ, ತೇರಿನ ಹಗ್ಗ ಹಾಯುವ ದಾರಿಯಿಂದ ದೂರವಿರಬೇಕು. ಕರ್ಪೂರ ಹಚ್ಚುವ, ಪಟಾಕಿ ಸಿಡಿಸುವ ಕಡೆಗೆ ಬೆನ್ನು ಮಾಡಿಯೂ ಚಪ್ಪರ ಹಾಕಬಾರದು. ಕಾಗದ ಇರುವ ಕಡೆ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಯಾವಾಗಲೂ ಕೈಗೆ ಸಿಗುವಂತಿರಲಿ.

2. ಬಿಸಿಲು ನೋಡಿ ದಿನ ಹಂಚಿಕೊಳ್ಳಿ

ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಸಂಜೆ ಐದಕ್ಕೆ ಮುಕ್ತಾಯ ಎಂಬ ಕಚೇರಿಯ ಪಟ್ಟಿ ಬೇಸಿಗೆಯ ಬೀದಿಗೆ ಹೊಂದುವುದಿಲ್ಲ. ಬೀದಿ ತುಂಬುವುದು ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ, ಮತ್ತೆ ಸಂಜೆ ನಾಲ್ಕೂವರೆಯ ಮೇಲೆ. ನಡುವಿನ ಉರಿಬಿಸಿಲಿನಲ್ಲಿ ಅಂಗಡಿಯವರೂ ಪರದೆ ಇಳಿಬಿಟ್ಟು ಒರಗಿಕೊಳ್ಳುತ್ತಾರೆ. ಆಗ ಬೀದಿಯ ಚಪ್ಪರ ಮುಚ್ಚಿ, ಒಂದು ಚೀಲದಷ್ಟು ಪುಸ್ತಕ ಹೆಗಲಿಗೆ ಹಾಕಿಕೊಂಡು ಅರಳಿಕಟ್ಟೆಗೋ ಸಮುದಾಯ ಭವನಕ್ಕೋ ಹೊರಡಿ. ಹಬ್ಬದೂಟ ಮುಗಿಸಿದ ನೆಂಟರಿಷ್ಟರು ನೆರಳಿನಲ್ಲಿ ಕೂತಿರುತ್ತಾರೆ, ನಿದ್ದೆ ಬಾರದ ಮಕ್ಕಳು ಸುತ್ತ ಆಡುತ್ತಿರುತ್ತವೆ. ಸಂಜೆ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲದ ಮಗು ಮಧ್ಯಾಹ್ನ ಕಟ್ಟೆಯ ಮೇಲೆ ಒಂದು ಗಂಟೆ ಕೂತು ಕೇಳುತ್ತದೆ. ಹಾಗಾಗಿ ಸಂಜೆಗೆ ಕೈಕೆಲಸ, ಬಣ್ಣ, ಆಟ. ಮಧ್ಯಾಹ್ನಕ್ಕೆ ಓದು, ಕಥೆ ಎಂದು ಹಂಚಿಕೊಳ್ಳುವುದು ಒಳ್ಳೆಯದು.

ತೇರು ಹೊರಡುವ ಹೊತ್ತಿಗೆ ಎಲ್ಲವನ್ನೂ ನಿಲ್ಲಿಸಿ, ನೀವೂ ಹೋಗಿ ಹಗ್ಗ ಹಿಡಿಯಿರಿ. ಊರಿನ ಸಂಭ್ರಮಕ್ಕೆ ಎದುರು ನಿಂತ ಕಾರ್ಯಕ್ರಮವನ್ನು ಊರು ತನ್ನದೆಂದು ಒಪ್ಪುವುದಿಲ್ಲ.

3. ಪುಸ್ತಕದ ಮುಖ ಬೀದಿಗಿರಲಿ

ಗ್ರಂಥಾಲಯದ ಕಪಾಟಿನಲ್ಲಿ ಕಾಣುವುದು ಪುಸ್ತಕದ ಬೆನ್ನು. ಬೀದಿಯಲ್ಲಿ ಕಾಣಬೇಕಾದ್ದು ಅದರ ಮುಖ. ಎರಡು ಗೂಟದ ನಡುವೆ ಮಕ್ಕಳ ಎದೆಯೆತ್ತರಕ್ಕೆ ಹುರಿ ಕಟ್ಟಿ ತೆಳ್ಳಗಿನ ಪುಸ್ತಕಗಳನ್ನು ನೇತುಹಾಕಿ. ಉಳಿದವನ್ನು ಚಾಪೆಯ ಮೇಲೆ ಬಿಡಿಬಿಡಿಯಾಗಿ ಇಡಿ. ಗಾಜಿನ ಪೆಟ್ಟಿಗೆ ಬೇಡ, ‘ಮುಟ್ಟಬೇಡಿ’ ಎಂಬ ಚೀಟಿಯಂತೂ ಬೇಡವೇ ಬೇಡ. ಒಂದೇ ಸಲ ಐನೂರು ಪುಸ್ತಕ ತಂದು ಸುರಿದರೆ ಮಗುವಿಗೆ ಯಾವುದನ್ನು ಎತ್ತಬೇಕೆಂದು ತಿಳಿಯದು. ನೂರು, ನೂರಿಪ್ಪತ್ತು ಪುಸ್ತಕ ಸಾಕು. ಸಂಜೆಗೊಮ್ಮೆ ಅರ್ಧದಷ್ಟನ್ನು ಬದಲಿಸಿದರೆ ನಿನ್ನೆ ಬಂದ ಮಗುವಿಗೂ ಹೊಸದು ಸಿಗುತ್ತದೆ.

ಮಕ್ಕಳಿಗೆ ದೊಡ್ಡಕ್ಷರದ, ಪುಟಕ್ಕೆ ಎರಡು ಮೂರು ಸಾಲಿನ ಚಿತ್ರಪುಸ್ತಕಗಳು ಬೇಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್ ಮತ್ತು ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಗೆಟುಕುವ ಬೆಲೆಯಲ್ಲಿ ಸಿಗುತ್ತವೆ. ದುಡ್ಡು ಕಡಿಮೆ ಇದ್ದರೆ, ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಇದೆ. ಅಲ್ಲಿನ ಕನ್ನಡ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಇಳಿಸಿಕೊಂಡು, ಮುದ್ರಿಸಿ, ಹೊಲಿದು ಪುಸ್ತಕ ಮಾಡಬಹುದು. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿರುವುದರಿಂದ ಆರಿಸುವುದೂ ಸುಲಭ.

ದೊಡ್ಡವರನ್ನು ಮರೆಯಬೇಡಿ. ಪಿಯುಸಿ, ಪದವಿ ಮುಗಿಸಿದವರು ಹುಡುಕುವುದು ಪೊಲೀಸ್, ಪಿಡಿಒ, ಕೆಎಎಸ್ ಪರೀಕ್ಷೆಯ ಪುಸ್ತಕ. ರೈತರಿಗೆ ಕೃಷಿ, ತೋಟಗಾರಿಕೆಯ ಕೈಪಿಡಿಗಳು ಬೇಕು. ಹಿರಿಯರ ಕೈ ಹಳೆಯ ‘ಚಂದಮಾಮ’, ‘ಕಸ್ತೂರಿ’ ಸಂಚಿಕೆಗಳ ಕಡೆಗೆ ತಾನಾಗಿ ಹೋಗುತ್ತದೆ. ಇವುಗಳಿಗೆ ಒಂದು ಬೆಂಚು ಬೇರೆಯೇ ಇರಲಿ.

4. ಊರಿನ ಕಲೆಯಿಂದಲೇ ಪುಸ್ತಕ ಹುಟ್ಟಲಿ

ನಾವು ಮಾಡಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ರಂಗೋಲಿ. ಹಬ್ಬದ ಬೆಳಿಗ್ಗೆ ಬೀದಿಯ ಉದ್ದಕ್ಕೂ ಪ್ರತಿ ಬಾಗಿಲ ಮುಂದೆ ರಂಗೋಲಿ ಬಿದ್ದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಮಕ್ಕಳ ಕೈಗೆ ಪೆನ್ಸಿಲು, ಚೌಕದ ಗೆರೆಯ ಹಾಳೆ ಕೊಟ್ಟು, ಇಬ್ಬಿಬ್ಬರನ್ನು ಜೊತೆ ಮಾಡಿ, ಮನೆ ಮನೆಗೆ ಕಳಿಸಿ. ರಂಗೋಲಿ ನೋಡಿ ಬರೆದುಕೊಳ್ಳಬೇಕು, ಹಾಕಿದವರ ಹೆಸರು ಕೇಳಬೇಕು, ಯಾರಿಂದ ಕಲಿತರು ಎಂದು ವಿಚಾರಿಸಬೇಕು.

ಒಂದು ಜಗಲಿಯಲ್ಲಿ ಹೀಗೆ ನಡೆಯಿತು. ಐದನೇ ತರಗತಿಯ ಹುಡುಗಿ ಕೇಳಿದಳು: “ಅಜ್ಜಿ, ಇದು ಎಷ್ಟು ಚುಕ್ಕಿದು?” ಅಜ್ಜಿ ಎಲೆಯಡಿಕೆ ಬದಿಗಿಟ್ಟು ಎದ್ದು ಬಂದರು. “ಏಳರಿಂದ ನಾಕು, ಸಂದುಚುಕ್ಕಿ ಕಣವ್ವ. ಮದ್ಲು ನಡುವಿಗೆ ಏಳಿಡು. ಆಮೇಲೆ ಮೇಲಕ್ಕೊಂದು ಸಾಲು, ಕೆಳಕ್ಕೊಂದು ಸಾಲು, ಎರಡು ಚುಕ್ಕಿ ಸಂದೀಲಿ ಒಂದೊಂದು ಬರೋ ಹಂಗೆ.” ಹುಡುಗಿ ಹಾಳೆಯ ಮೇಲೆ ನಾಲ್ಕು, ಐದು, ಆರು, ಏಳು, ಮತ್ತೆ ಆರು, ಐದು, ನಾಲ್ಕು ಎಂದು ಸಾಲು ಇಟ್ಟು ಕೂಡಿಸಿದಳು. ಮೂವತ್ತೇಳು ಚುಕ್ಕಿ. ಎಳೆ ಎಳೆಯುವಾಗ ಎಲ್ಲಿ ಒಳಗೆ ತಿರುಗಬೇಕು, ಎಲ್ಲಿ ಮುಂದಿನ ಚುಕ್ಕಿಯನ್ನು ಬಳಸಿ ಹೋಗಬೇಕು ಎಂದು ಅಜ್ಜಿ ಅವಳ ಕೈ ಹಿಡಿದೇ ತೋರಿಸಿದರು. ಆಮೇಲೆ ಒಳಗೆ ಹೋಗಿ, ಅಂಚು ಮುದುರಿದ ಹಳೆಯ ನೋಟ್‌ಬುಕ್ಕೊಂದನ್ನು ತಂದರು. ಮದುವೆಯಾಗಿ ಬಂದ ಹೊಸದರಿಂದ ಬರೆದಿಟ್ಟುಕೊಂಡ ರಂಗೋಲಿಗಳು ಅದರಲ್ಲಿದ್ದವು. ಇಂಥ ನೋಟ್‌ಬುಕ್ ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಇದೆ. ಯಾರೂ ಕೇಳದ ಕಾರಣಕ್ಕೆ ಅದು ಹೊರಗೆ ಬಂದಿಲ್ಲ.

ಮಕ್ಕಳು ತಂದ ಹಾಳೆಗಳನ್ನು ಸಂಜೆ ಚಪ್ಪರದಲ್ಲೇ ಜೋಡಿಸಿ, ರಟ್ಟು ಹಾಕಿ, ದಾರದಲ್ಲಿ ಹೊಲಿದು, ಊರಿನ ರಂಗೋಲಿ ಪುಸ್ತಕ ಮಾಡಿ. ಅದನ್ನು ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಬರೆಸಿ, ನಂಬರು ಹಾಕಿಸಿ, ಬೇರೆ ಪುಸ್ತಕಗಳ ಸಾಲಿನಲ್ಲೇ ಇಡಿಸಿ. ಅಲ್ಲಿಯವರೆಗೆ ಗ್ರಂಥಾಲಯದ ಮೆಟ್ಟಿಲು ಹತ್ತದಿದ್ದ ಹೆಂಗಸರು ತಮ್ಮ ಹೆಸರಿರುವ ಪುಟ ನೋಡಲು ಬರುತ್ತಾರೆ. ಇದೇ ಕ್ರಮದಲ್ಲಿ ಸೋಬಾನೆ ಪದ, ಒಗಟು, ಹಬ್ಬದ ಅಡುಗೆ, ಕೆರೆಕಟ್ಟೆಯ ಕಥೆ ಯಾವುದನ್ನಾದರೂ ಪುಸ್ತಕ ಮಾಡಬಹುದು.

ಒಂದು ಎಚ್ಚರಿಕೆ. ಸೋಮನ ಕುಣಿತ ಇರುವ ಊರಿನಲ್ಲಿ ಮಕ್ಕಳಿಂದ ರಟ್ಟಿನ ಸೋಮನ ಮುಖವಾಡ ಮಾಡಿಸುವ ಆಸೆ ಆಗುವುದು ಸಹಜ. ಊರಿಗೆ ಸೋಮ ದೇವರೇ. ಸೋಮ ಹೊರುವ ಮನೆಯವರನ್ನು, ಹಿರಿಯರನ್ನು ಮೊದಲು ಕೇಳಿ. ಅವರು ಬೇಡವೆಂದರೆ ಹುಲಿ, ನವಿಲು, ಬಸವನ ಮುಖಗಳು ಇದ್ದೇ ಇವೆ. ಒಪ್ಪಿದರೆ ಅವರನ್ನೇ ಕರೆತಂದು, ಬಣ್ಣ ಯಾಕೆ ಹಾಗೆ, ಕಣ್ಣು ಯಾಕೆ ಅಷ್ಟು ದೊಡ್ಡದು ಎಂದು ಮಕ್ಕಳಿಗೆ ಅವರ ಬಾಯಿಂದಲೇ ಹೇಳಿಸಿ.

5. ಕಥೆ ಹೇಳುವಾಗಲೂ ಕೈಯಲ್ಲಿ ಪುಸ್ತಕವಿರಲಿ

ಕಥೆ ಹೇಳುವವರು ಕೈಬೀಸಿ, ದನಿ ಬದಲಿಸಿ, ಸೊಗಸಾಗಿ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ. ಅಷ್ಟಕ್ಕೆ ನಿಂತರೆ ಆ ಕಥೆ ಹೇಳಿದವರ ಜೊತೆಗೇ ಊರು ಬಿಟ್ಟು ಹೋಗುತ್ತದೆ. ಅದೇ ಕಥೆಯನ್ನು ಪುಸ್ತಕ ಹಿಡಿದು, ಪುಟವನ್ನು ಮಕ್ಕಳ ಕಡೆಗೆ ತಿರುಗಿಸಿ, ಸಾಲಿನ ಕೆಳಗೆ ಬೆರಳು ಆಡಿಸುತ್ತಾ ಓದಿದರೆ ಕಥೆ ಇರುವುದು ಇದರೊಳಗೆ ಎಂದು ಮಗುವಿಗೆ ತಾನೇ ತಿಳಿಯುತ್ತದೆ. ಓದಿ ಮುಗಿಸಿದ ಕೂಡಲೇ ಆ ಪುಸ್ತಕವನ್ನು ಚಾಪೆಯ ಮೇಲೆ ಇಡಿ. ಅದಕ್ಕೆ ಮೊದಲು ಕೈ ಹಾಕುವವರು ಆಗ ಕೇಳಿದ ಮಕ್ಕಳೇ. ಹಾಗಾಗಿ ಓದುವ ಪುಸ್ತಕದ ಎರಡು ಮೂರು ಪ್ರತಿ ಜೊತೆಗಿರಲಿ.

ಒಂದು ಸಲಕ್ಕೆ ಎಂಟು ಹತ್ತು ನಿಮಿಷದ ಕಥೆ ಸಾಕು. ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಸೇರಿದರೆ ಎರಡು ಗುಂಪು ಮಾಡಿ. ಮೈಕು ಹಿಡಿದರೆ ಓದು ಭಾಷಣವಾಗುತ್ತದೆ. ಬರಿದನಿಗೆ ಎಷ್ಟು ಜನ ಕೇಳಿಸಿಕೊಳ್ಳುತ್ತಾರೋ ಅಷ್ಟೇ ಜನರ ಗುಂಪು ಇರಲಿ. ಕಥೆಯಲ್ಲಿ ಮತ್ತೆ ಮತ್ತೆ ಬರುವ ಮಾತನ್ನು ಮಕ್ಕಳೇ ಒಟ್ಟಾಗಿ ಹೇಳಲಿ. ಊರಿನ ತಮಟೆಯವರು ಒಪ್ಪಿದರೆ ಗುಡುಗಿಗೆ, ಆನೆ ನಡಿಗೆಗೆ, ಓಟಕ್ಕೆ ಒಂದೊಂದು ಬಡಿತ ಕೇಳಿ. ಮೊದಲೇ ಕೂತು ಕಥೆ ಓದಿ ಹೇಳಿದರೆ ಯಾವ ಪುಟಕ್ಕೆ ಯಾವ ಗತ್ತು ಎಂದು ಅವರೇ ನಿಮಗಿಂತ ಚೆನ್ನಾಗಿ ಗೊತ್ತುಮಾಡುತ್ತಾರೆ.

6. ಬೀದಿಗೆ ಒಗ್ಗುವ ಕಥೆಯನ್ನು ಬೀದಿಯಲ್ಲೇ ಆಡಿಸಿ

ಬೇಸಿಗೆ ರಜೆಯಲ್ಲಿ ಮಕ್ಕಳ ನಾಟಕ ಎಂದರೆ ಮೈಸೂರಿನವರಿಗೆ ರಂಗಾಯಣದ ‘ಚಿಣ್ಣರ ಮೇಳ’ ನೆನಪಾಗುತ್ತದೆ. ಹಳ್ಳಿಯ ಹಬ್ಬದಲ್ಲಿ ತಿಂಗಳುಗಟ್ಟಲೆ ತಾಲೀಮಿಗೆ ಸಮಯವಿಲ್ಲ, ರಂಗಮಂದಿರವೂ ಇಲ್ಲ. ಮೆರವಣಿಗೆ ಮಾತ್ರ ಊರಿನವರಿಗೆ ಕರತಲಾಮಲಕ. ಆದ್ದರಿಂದ ಮೆರವಣಿಗೆಯೇ ಜೀವಾಳವಾಗಿರುವ ಕಥೆಯನ್ನು ಆರಿಸಿಕೊಳ್ಳಿ. ಬ್ರೌನಿಂಗ್ ಕವಿಯ ಕಥನಕವನವನ್ನು ಕುವೆಂಪು ನಮ್ಮ ತುಂಗೆಯ ದಡಕ್ಕೆ ತಂದು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ರಟ್ಟಿನಲ್ಲಿ ಇಲಿಕಿವಿ ಕತ್ತರಿಸಿ, ದಾರ ಕಟ್ಟಿ, ಹಗ್ಗದ ಬಾಲ ಸಿಕ್ಕಿಸಿದರೆ ವೇಷ ಮುಗಿಯಿತು. ಎರಡು ಸಂಜೆ ತಾಲೀಮು ಸಾಕು. ಜೋಗಿಯ ಪಾತ್ರಕ್ಕೆ ಚೆನ್ನಾಗಿ ಹಾಡುವ ದೊಡ್ಡ ಹುಡುಗನೋ ಹುಡುಗಿಯೋ ಇರಲಿ. ಗೌಡನ ಪಾತ್ರಕ್ಕೆ ಊರಿನ ಹಿರಿಯರೊಬ್ಬರು ಸಿಕ್ಕರೆ ನೋಡುವವರ ಉತ್ಸಾಹವೇ ಬೇರೆ.

ಮೆರವಣಿಗೆ ತೇರುಬೀದಿಯ ಒಂದು ತುದಿಯಿಂದ ಹೊರಟು ಗ್ರಂಥಾಲಯದ ಬಾಗಿಲಿಗೆ ಮುಟ್ಟಲಿ. ಇಲಿಗಳಾಗಿ ಕುಣಿದ ಮಕ್ಕಳು, ಹಿಂದೆ ಬಂದ ತಮ್ಮ ತಂಗಿಯರು, ನೋಡಲು ಬಂದ ಅಪ್ಪ ಅಮ್ಮ ಎಲ್ಲರೂ ಒಳಗೆ ಕಾಲಿಡುತ್ತಾರೆ. ಆ ಹೊತ್ತಿಗೆ ದೀಪ ಹಚ್ಚಿ, ಕಸ ಗುಡಿಸಿ, ಫ್ಯಾನು ಹಾಕಿ, ಮಕ್ಕಳ ಪುಸ್ತಕವನ್ನು ಮೇಜಿನ ಮೇಲೆ ಹರಡಿ ಇಟ್ಟಿರಬೇಕು. ಆ ಕವನದ ಪುಸ್ತಕವೂ ಎದುರಿಗೇ ಕಾಣಬೇಕು. ತಾನು ಆಡಿದ ಕಥೆಯನ್ನು ಅಚ್ಚಿನಲ್ಲಿ ಕಂಡ ಮಗು ಅದನ್ನು ಓದದೆ ಬಿಡುವುದಿಲ್ಲ.

7. ಚಾಳೀಸು ಕನ್ನಡಕ ಇಟ್ಟುಕೊಳ್ಳಿ

“ನಂಗೆ ಓದಕ್ಕೆ ಬರಲ್ಲ ಬುಡಪ್ಪ” ಎಂದು ದೂರ ಸರಿಯುವ ಹಿರಿಯರಲ್ಲಿ ಹಲವರು ಒಂದು ಕಾಲಕ್ಕೆ ಓದಿದವರೇ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗಿ, ಕನ್ನಡಕ ಮಾಡಿಸಿಕೊಳ್ಳದೆ, ಓದುವುದನ್ನೇ ಬಿಟ್ಟಿರುತ್ತಾರೆ. ಒಂದು, ಒಂದೂವರೆ, ಎರಡು, ಎರಡೂವರೆ ಪವರಿನ ಸಿದ್ಧ ಕನ್ನಡಕಗಳನ್ನು ಒಂದೊಂದು ಜೊತೆ ತಂದು ಮೇಜಿನ ಮೇಲಿಡಿ. ಖರ್ಚು ಹೆಚ್ಚಿಲ್ಲ. ಹಾಕಿಕೊಂಡು ನೋಡಿ ಎಂದು ಕೊಟ್ಟರೆ ಪಂಚಾಂಗ, ಪತ್ರಿಕೆ, ಮೊಮ್ಮಗಳ ಕೈಲಿರುವ ಚಿತ್ರಕಥೆ ಎಲ್ಲವನ್ನೂ ಓದಿ ನೋಡುತ್ತಾರೆ. ಕಣ್ಣಿನ ಪೊರೆಯ ಅನುಮಾನ ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳಿ. ಹಬ್ಬ ಮುಗಿದ ಮೇಲೆ ಆ ಕನ್ನಡಕಗಳು ಗ್ರಂಥಾಲಯದ ಮೇಜಿನ ಮೇಲೇ ಉಳಿಯಲಿ.

ಅಕ್ಷರ ಕಲಿಯದೇ ಇದ್ದವರಿಗೂ ಚಪ್ಪರದಲ್ಲಿ ಕೆಲಸವಿದೆ. ಅವರು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳಬೇಕು, ಬರೆದದ್ದನ್ನು ಮತ್ತೆ ಅವರಿಗೆ ಓದಿ ಹೇಳಬೇಕು. ತಮ್ಮ ಮಾತು ಅಕ್ಷರವಾಗಿ ತಿರುಗಿ ಬಂದದ್ದನ್ನು ಕೇಳಿದ ಹಿರಿಯರು ಮೊಮ್ಮಕ್ಕಳ ಓದಿಗೆ ಮನೆಯಲ್ಲಿ ಆಸರೆಯಾಗಿ ನಿಲ್ಲುತ್ತಾರೆ.

8. ಯಾರು ಬಂದಿಲ್ಲ ಎಂದು ಪ್ರತಿ ಸಂಜೆ ಕೇಳಿಕೊಳ್ಳಿ

ಚಪ್ಪರ ತುಂಬಿದೆ ಎಂಬ ಸಂತೋಷದಲ್ಲಿ ಈ ಪ್ರಶ್ನೆ ಮರೆಯಬಾರದು. ತೇರುಬೀದಿ ಎಲ್ಲರಿಗೂ ಒಂದೇ ರೀತಿ ತೆರೆದಿಲ್ಲ. ದಲಿತ ಕೇರಿಯ ಮಕ್ಕಳು ಬೀದಿಯ ತುದಿಯಲ್ಲೇ ನಿಂತು ನೋಡುವ ಊರುಗಳು ಇನ್ನೂ ಇವೆ. ಅಲ್ಲಿಂದ ಕೈ ಬೀಸಿ ಕರೆದರೆ ಸಾಲದು. ಹಬ್ಬದ ಹಿಂದಿನ ದಿನವೇ ಪುಸ್ತಕದ ಚೀಲ ಕೇರಿಗೆ ಹೋಗಬೇಕು, ಮೊದಲ ಓದು ಅಲ್ಲೇ ನಡೆಯಬೇಕು. ಹಾಗೆ ಗುರುತಾದ ಮಕ್ಕಳು ಮರುದಿನ ನಿಮ್ಮ ಮುಖ ನೋಡಿ ಚಪ್ಪರದೊಳಗೆ ಬರುತ್ತವೆ. ಒಳಗೆ ಎಲ್ಲರಿಗೂ ಒಂದೇ ಚಾಪೆ, ಒಂದೇ ಬಿಂದಿಗೆಯ ನೀರು, ಒಂದೇ ಲೋಟ. ಇದರಲ್ಲಿ ರಾಜಿ ಇಲ್ಲ. ಯಾರಾದರೂ ಗೊಣಗಿದರೆ ಸಮಾಧಾನದಿಂದಲೇ ಉತ್ತರಿಸಿ, ಚಾಪೆ ಮಾತ್ರ ಬೇರೆ ಮಾಡಬೇಡಿ. ಚಪ್ಪರದ ಕೆಲಸಕ್ಕೆ ಕೇರಿಯ ಓದಿದ ಹುಡುಗ ಹುಡುಗಿಯರು ಮೊದಲಿನಿಂದಲೇ ಜೊತೆಗಿದ್ದರೆ ಅರ್ಧ ತೊಡಕು ಹುಟ್ಟುವುದೇ ಇಲ್ಲ.

ಮುಸ್ಲಿಂ ಮನೆಗಳ ಮಕ್ಕಳು ಹಬ್ಬದ ಅಂಗಡಿಗಳಿಗೆ ಬರುತ್ತಾರೆ, ಕಾರ್ಯಕ್ರಮಕ್ಕೆ ಕರೆಯದೆ ಬರುವುದಿಲ್ಲ. ಮನೆಗೆ ಹೋಗಿ ಕರೆಯಿರಿ. ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ, ಚಿಕ್ಕ ತಮ್ಮನನ್ನು ಎತ್ತಿಕೊಂಡು, ಬಿಡುವಿಲ್ಲದೆ ಇರುತ್ತಾರೆ. ತಮ್ಮನನ್ನೂ ಎತ್ತಿಕೊಂಡು ಬಾ, ಅವನು ಮಣ್ಣಿನಲ್ಲಿ ಆಡಲಿ ಎಂದರೆ ಅವರಿಗೂ ದಾರಿಯಾಗುತ್ತದೆ.

ಎಲ್ಲರೂ ಮರೆಯುವ ಮಕ್ಕಳು ಇನ್ನೊಂದು ಕಡೆ ಇದ್ದಾರೆ. ಬಲೂನು, ಪೀಪಿ, ಗಿರಗಿಟ್ಲೆ ಮಾರುವವರ, ತೊಟ್ಟಿಲು ತಿರುಗಿಸುವವರ ಮಕ್ಕಳು. ಊರಿಂದ ಊರಿಗೆ ಜಾತ್ರೆಯ ಜೊತೆ ಸಾಗುವ ಅವರಿಗೆ ಯಾವ ಊರಿನ ಗ್ರಂಥಾಲಯವೂ ತಮ್ಮದಲ್ಲ. ಮಧ್ಯಾಹ್ನ ವ್ಯಾಪಾರ ಇಳಿದಾಗ ಅವರ ಗುಡಾರದ ಬಳಿ ಹೋಗಿ ಓದಿ. ಎರಡು ಪುಸ್ತಕ ಅವರಿಗೇ ಕೊಟ್ಟುಬಿಡಿ, ವಾಪಸು ಕೇಳಬೇಡಿ.

9. ಗಾಳಿಮಳೆ ಬಂದೇ ಬರುತ್ತದೆ ಎಂದು ಸಿದ್ಧರಾಗಿ

ಏಪ್ರಿಲ್, ಮೇ ತಿಂಗಳ ಮಳೆ ಹೇಳಿ ಬರುವುದಿಲ್ಲ. ಮಧ್ಯಾಹ್ನವೆಲ್ಲ ಸೆಕೆ ಕುದಿದು, ಮೂರು ನಾಲ್ಕು ಗಂಟೆಗೆ ಮೋಡ ಕವಿದು, ಮೊದಲು ಧೂಳೆಬ್ಬಿಸುವ ಗಾಳಿ, ಹಿಂದೆಯೇ ದಪ್ಪ ಹನಿ. ಗಾಳಿಗೂ ಹನಿಗೂ ನಡುವೆ ಸಿಗುವುದು ಕೆಲವೇ ನಿಮಿಷ. ಮುಚ್ಚಳವಿರುವ ತಗಡಿನ ಟ್ರಂಕುಗಳನ್ನು ಚಪ್ಪರದಲ್ಲೇ ಇಟ್ಟುಕೊಂಡು, ಯಾವ ಸಾಲಿನ ಪುಸ್ತಕ ಯಾರು ತುಂಬಬೇಕು ಎಂದು ಮೊದಲೇ ಹಂಚಿರಬೇಕು. ಟ್ರಂಕುಗಳು ನೆಲದ ಮೇಲಲ್ಲ, ಬೆಂಚಿನ ಮೇಲೋ ಇಟ್ಟಿಗೆಯ ಮೇಲೋ ಇರಲಿ. ಶಾಮಿಯಾನದ ಬಟ್ಟೆ ಬಿಸಿಲಿಗೆ ಆದೀತು, ಮಳೆಗೆ ಮೇಲೊಂದು ಟಾರ್ಪಾಲು ಬೇಕು. ಗಾಳಿ ಜೋರಾದರೆ ಜನರನ್ನು ಕಂಬಗಳಿಂದ ದೂರ ಕಳಿಸಿ, ವಿದ್ಯುತ್ ಆರಿಸಿ. ಗುಡುಗು ಸಿಡಿಲಿನಲ್ಲಿ ಮಕ್ಕಳು ಮರದ ಕೆಳಗೆ ನಿಲ್ಲದಂತೆ ಪಕ್ಕಾ ಕಟ್ಟಡದೊಳಗೆ ಸೇರಿಸಿ. ಪುಸ್ತಕದ ಮಾತು ಆಮೇಲೆ.

ನೆಂದ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು; ರಟ್ಟು ಸೊಟ್ಟಗಾಗಿ ಅಂಟು ಬಿಡುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ, ಪುಟಗಳನ್ನು ಬೀಸಣಿಗೆಯಂತೆ ಅಗಲಿಸಿ ನಿಲ್ಲಿಸಿ. ನಡುನಡುವೆ ಬರಿ ಕಾಗದ ಸೇರಿಸಿ, ಒದ್ದೆಯಾದಂತೆ ಬದಲಿಸುತ್ತಿರಿ. ಚಿತ್ರಪುಸ್ತಕದ ನುಣುಪು ಹಾಳೆಗಳು ಒಣಗುವಾಗ ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಅವುಗಳಿಗೆ ಮೊದಲ ಗಮನ. ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

10. ಕಲಾವಿದರಿಗೆ ಹಣ ಕೊಡಿ, ಲೆಕ್ಕ ಊರಿಗೆ ತೋರಿಸಿ

ಶಾಮಿಯಾನದವರಿಗೆ, ಮೈಕಿನವರಿಗೆ ಹಣ ಕೊಡುವಾಗ ಯಾರೂ ಹಿಂದುಮುಂದು ನೋಡುವುದಿಲ್ಲ. ತಮಟೆ ಬಡಿದವರಿಗೆ, ಪದ ಹೇಳಿದವರಿಗೆ, ಮಣ್ಣು ತಂದು ಕಲಿಸಿದ ಕುಂಬಾರರಿಗೆ ಮಾತ್ರ ಹಾರ, ಶಾಲು, ತೆಂಗಿನಕಾಯಿಯಲ್ಲೇ ಮುಗಿಸುವುದು ರೂಢಿ. ಇದು ನ್ಯಾಯವಲ್ಲ. ಹಬ್ಬದ ದಿನಗಳೇ ಅವರ ದುಡಿಮೆಯ ದಿನಗಳು. ಕೂಲಿ ಎಷ್ಟು, ಸಮಯ ಎಷ್ಟು ಎಂದು ಮೊದಲೇ ಮಾತಾಡಿ, ಕೆಲಸ ಮುಗಿದ ದಿನವೇ ಕೈಗೆ ಕೊಡಿ. ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂಥ ಕಲೆಗಳು ಉಳಿಯುವುದು ಪ್ರಶಸ್ತಿಯ ಜೊತೆಗೆ ಊರೂರಿನ ಹಬ್ಬದಲ್ಲಿ ಸಿಗುವ ಮರ್ಯಾದೆಯ ಸಂಭಾವನೆಯಿಂದ.

ಹಣದ ದಾರಿ ಹಲವು. ಆಸ್ತಿ ತೆರಿಗೆಯ ಜೊತೆ ಜನ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾರೆ. ಆ ಹಣದ ಬಗ್ಗೆ ಪಂಚಾಯಿತಿಯಲ್ಲಿ ವಿಚಾರಿಸುವ ಹಕ್ಕು ಊರಿಗಿದೆ. ಸ್ತ್ರೀಶಕ್ತಿ ಸಂಘಗಳು, ಹಾಲಿನ ಡೇರಿ, ಯುವಕ ಸಂಘ, ಹಬ್ಬದ ಸಮಿತಿ ಇವರಿಂದ ಚಾಪೆ, ನೀರು, ಊಟ, ಬೆಳಕು ಸಿಗುತ್ತದೆ. ಹರಿದ ಗೈಡು, ಹಳೆಯ ಪಠ್ಯಪುಸ್ತಕಗಳ ಮೂಟೆಯನ್ನು ಯಾರಾದರೂ ದಾನವೆಂದು ತಂದರೆ ವಿನಯದಿಂದ ಬೇಡ ಎನ್ನಿ. ಹಬ್ಬ ಮುಗಿದ ವಾರದೊಳಗೆ ಬಂದದ್ದೆಷ್ಟು, ಖರ್ಚೆಷ್ಟು ಎಂದು ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸಿ. ಮುಂದಿನ ವರ್ಷ ಕೇಳದೆಯೇ ನೆರವು ಬರುತ್ತದೆ.

11. ಫಲವನ್ನು ಜೂನ್ ತಿಂಗಳಲ್ಲಿ ಅಳೆಯಿರಿ

ಈ ಎಲ್ಲ ಪಾಠಗಳ ಗುರಿ ಒಂದೇ. ಹಬ್ಬದಲ್ಲಿ ಪುಸ್ತಕ ಮುಟ್ಟಿದ ಮಗು ಹಬ್ಬ ಮುಗಿದ ಮೇಲೆ ಗ್ರಂಥಾಲಯಕ್ಕೆ ಬರಬೇಕು. ಅದಕ್ಕಾಗಿ ಗ್ರಂಥಾಲಯದ ಮೇಲ್ವಿಚಾರಕರು ಮೊದಲ ದಿನದಿಂದ ಚಪ್ಪರದಲ್ಲಿರಬೇಕು. ಮಕ್ಕಳಿಗೆ ಗುರುತಾಗಬೇಕಾದ ಮುಖ ಅವರದು, ಬಂದು ಹೋಗುವ ನಮ್ಮದಲ್ಲ. ಸದಸ್ಯತ್ವದ ಅರ್ಜಿಗಳನ್ನು ಅಲ್ಲೇ ಇಟ್ಟು, ಹೆಸರು ಬರೆಸಿ, ಮಗುವಿನ ಕೈಗೆ ಒಂದು ಪುಸ್ತಕ ಎರವಲು ಕೊಡಿ. ಹಿಂದಿರುಗಿಸುವುದು ಗ್ರಂಥಾಲಯಕ್ಕೇ ಎಂದು ಹೇಳಿ. ಹಿಂದಿರುಗಿಸಲು ಬಂದ ಮಗು ಇನ್ನೊಂದನ್ನು ಒಯ್ಯುತ್ತದೆ. ಕೆಲವು ಪುಸ್ತಕ ತಿರುಗಿ ಬಾರದೆ ಇರಬಹುದು. ಅವು ಯಾವುದೋ ಮನೆಯ ಗೂಡಿನಲ್ಲಿ ಇವೆ, ಓದಿಸಿಕೊಳ್ಳುತ್ತಿವೆ. ಅದಕ್ಕೆ ಮಗುವನ್ನು ಗದರಿಸಬೇಡಿ. ರಜೆಗೆಂದು ಬಂದ ಬೇರೆ ಊರಿನ ಮಕ್ಕಳಿಗೆ ಅವರ ಪಂಚಾಯಿತಿಯ ಗ್ರಂಥಾಲಯ ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ.

ಮಕ್ಕಳ ಚಿತ್ರ, ಮುಖವಾಡ, ಹೊಲಿದ ಪುಸ್ತಕ ಯಾವುದನ್ನೂ ಕೂಡಲೇ ಮನೆಗೆ ಕಳಿಸಬೇಡಿ. ಹದಿನೈದು ದಿನ ಗ್ರಂಥಾಲಯದಲ್ಲಿ ಪ್ರದರ್ಶನಕ್ಕಿಡಿ. ತಮ್ಮ ಕೆಲಸವನ್ನು ನೋಡಲು ಮಕ್ಕಳು ಬರುತ್ತಾರೆ, ತೋರಿಸಲು ಮನೆಯವರನ್ನೂ ಕರೆತರುತ್ತಾರೆ. ಶಾಲೆ ಶುರುವಾಗುವವರೆಗೆ ವಾರಕ್ಕೊಂದು ಸಂಜೆ ಗಟ್ಟಿ ಓದು ನಡೆಯಲಿ. ಕಾಲೇಜಿನ ಹುಡುಗ ಹುಡುಗಿಯರು ಸರದಿಯಂತೆ ವಹಿಸಿಕೊಳ್ಳಲಿ.

ಜೂನ್ ಕೊನೆಗೆ ಗ್ರಂಥಾಲಯದ ಓದುಗರ ಪುಸ್ತಕ ತೆಗೆದು ಕೂತು ನೋಡಿ. ಹೊಸ ಹೆಸರುಗಳು ಎಷ್ಟು, ಅವರಲ್ಲಿ ಎರಡನೆಯ ಪುಸ್ತಕ ಒಯ್ದವರು ಎಷ್ಟು, ಕೇರಿಯವರು ಎಷ್ಟು, ಹೆಣ್ಣುಮಕ್ಕಳು ಎಷ್ಟು. ಹಬ್ಬದ ಸಂಜೆ ಚಪ್ಪರದ ಮುಂದೆ ಹಾದುಹೋದ ಸಾವಿರ ಜನಕ್ಕಿಂತ, ಎರಡನೆಯ ಪುಸ್ತಕಕ್ಕೆಂದು ತಾವಾಗಿ ಬಂದ ಹತ್ತು ಮಕ್ಕಳು ಹೆಚ್ಚು. ಆ ಹತ್ತು ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ಬೇಸಿಗೆಗೆ ಪುಸ್ತಕ ಆರಿಸುವುದಕ್ಕೆ, ಜಾಗ ನೋಡುವುದಕ್ಕೆ, ಚಿಕ್ಕವರಿಗೆ ಓದಿ ಹೇಳುವುದಕ್ಕೆ ಮೊದಲು ಅವರನ್ನು ಕರೆಯಿರಿ.